ಮರ ಕೊಡುವ ಮುಂಚೆ ತೂಗಿ ನೋಡಿ, ತಟ್ಟಿಯೂ ನೋಡಿ

ಅಡಿಕೆ ಮಾರುವಾಗ ನಮ್ಮ ಜಾಗ್ರತೆ ಒಂದು ನೋಡಬೇಕು. ಹೊಸತು ಬೇರೆ, ಹಳತು ಬೇರೆ, ಪಟೋರ ಬೇರೆ, ಉಳ್ಳಿ ಬೇರೆ, ಕರಿಗೋಟು ಬೇರೆ. ಗೋಣಿ ತೂಗುವಾಗ ಕಾಟದ ಮುಳ್ಳಿನಿಂದ ಕಣ್ಣು ತೆಗೆಯುವುದಿಲ್ಲ. ಕಾಳುಮೆಣಸಿಗಂತೂ ಲೀಟರ್ ತೂಕವೇ ಕೇಳುತ್ತಾರೆ. ಒಂದು ಲೀಟರ್ ಅಳತೆಯಲ್ಲಿ 550 ಗ್ರಾಂ ನಿಂತರೆ ಮೆಣಸು ಗಟ್ಟಿ, 450ಕ್ಕೆ ಇಳಿದರೆ ಜೊಳ್ಳು ಉಂಟು ಅಂತ ಲೆಕ್ಕ. ಇದೆಲ್ಲ ಗೊತ್ತಿರುವ ನಾವೇ 50–60 ವರ್ಷದ ಹಲಸಿನ ಮರ ಕೊಡುವಾಗ ಎಂತ ಮಾಡುತ್ತೇವೆ? ವ್ಯಾಪಾರಿ ಬರುತ್ತಾರೆ, ಮರಕ್ಕೆ ಒಂದು ಸುತ್ತು ಬರುತ್ತಾರೆ, ತಲೆ ಎತ್ತಿ ನೋಡುತ್ತಾರೆ, "ಎಲ್ಲ ಸೇರಿ ಇಷ್ಟು" ಅನ್ನುತ್ತಾರೆ. ನಾವು ಅದಕ್ಕೆ ಸಾವಿರವೋ ಎರಡು ಸಾವಿರವೋ ಸೇರಿಸಿ ಕೇಳುತ್ತೇವೆ. ಅಲ್ಲಿಗೆ ಮುಗಿಯಿತು.

ಈ ಎರಡು ಮೂರು ವರ್ಷಗಳಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಇಂಥ ವ್ಯಾಪಾರ ತುಂಬಾ ನೋಡಿದ್ದೇನೆ. ಎಲೆಚುಕ್ಕಿ ರೋಗದಿಂದ ಫಸಲು ಕಡಿಮೆಯಾದ ತೋಟದವರಿಗೆ ಕೈಗೆ ದುಡ್ಡು ಬೇಕು. ಗುಡ್ಡೆ ತಟ್ಟು ಮಾಡಿ ಹೊಸ ತೋಟ ಮಾಡುವವರಿಗೆ ಜಾಗ ಖಾಲಿಯಾಗಬೇಕು. ಮರ ಕಡಿಯಲೇ ಬೇಡಿ ಅಂತ ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ಕಡಿಯುವುದೇ ಆದರೆ ಮರದ ಲೀಟರ್ ತೂಕ ಮತ್ತು ಮರದ ಸ್ವರ, ಈ ಎರಡು ಗೊತ್ತಾಗದೆ ಬುಡದ ತುಂಡನ್ನು ಬಿಟ್ಟುಕೊಡಬೇಡಿ ಅನ್ನುವುದಷ್ಟೇ ನನ್ನ ವಾದ.

ಈ ವಿಚಾರ ನನ್ನ ತಲೆಗೆ ಹೊಕ್ಕದ್ದು ಕೃಷಿಯ ಬಾಗಿಲಿನಿಂದ ಅಲ್ಲ. ಬೆಂಗಳೂರಿನಲ್ಲಿರುವ ನನ್ನ ದೊಡ್ಡಮ್ಮನ ಮಗನಿಗೆ ಸ್ನೂಕರ್ ಹುಚ್ಚು. ಕಳೆದ ದೀಪಾವಳಿಗೆ ಬಂದಾಗ ಉದ್ದದ ಪೆಟ್ಟಿಗೆಯಲ್ಲಿ ಅವನ ಕ್ಯೂ ತಂದಿದ್ದ. ಕ್ಯೂ ಅಂದರೆ ಚೆಂಡಿಗೆ ಹೊಡೆಯುವ ಕೋಲು. ಹೇಳಿ ಮಾಡಿಸಿದ್ದಂತೆ. ಬೆಲೆ ಕೇಳಿ ನಮ್ಮ ಅಮ್ಮ, "ಒಂದು ಕೋಲಿಗೆ ಅಷ್ಟಾ?" ಅಂತ ಬಾಯಿಗೆ ಸೆರಗು ಹಿಡಿದರು. ಹಳೆಯ ಸ್ಕೂಟರ್ ಒಂದು ಬರುತ್ತಿತ್ತು ಆ ದುಡ್ಡಿಗೆ. ನನಗೆ ಆಶ್ಚರ್ಯ ಆದದ್ದು ಬೆಲೆಯಿಂದಲ್ಲ, ಆ ಕೋಲಿಗೆ ಮರ ಆರಿಸುವ ಕ್ರಮದಿಂದ.

ಸ್ನೂಕರ್ ನಮ್ಮ ದೇಶದಲ್ಲೇ ಹುಟ್ಟಿದ ಆಟ. 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೇನಾಧಿಕಾರಿಗಳ ಮೆಸ್ಸಿನಲ್ಲಿ ಶುರುವಾಯಿತು ಅಂತ ಹೇಳುತ್ತಾರೆ. ಈಗ ಅದರಲ್ಲಿ ದೊಡ್ಡ ಹೆಸರು ಬೆಂಗಳೂರಿನ ಪಂಕಜ್ ಅಡ್ವಾಣಿ ಅವರದ್ದು. ಆದರೆ ಒಳ್ಳೆಯ ಕ್ಯೂವಿನ ಮರ ಹೆಚ್ಚಾಗಿ ನಮ್ಮದಲ್ಲ. ಸ್ನೂಕರ್ ಕ್ಯೂವಿನ ಮುಂದಿನ ಸಪೂರ ಭಾಗಕ್ಕೆ ಆಶ್ ಮರ, ಪೂಲ್ ಕ್ಯೂವಿಗೆ ಮೇಪಲ್. ಎರಡೂ ಚಳಿದೇಶದ್ದು. ಕೈ ಹಿಡಿಯುವ ಹಿಂಭಾಗಕ್ಕೆ ಮಾತ್ರ ನಮ್ಮ ಕಡೆ ಹೆಸರಿರುವ ಕರಿಮರ, ಬೀಟೆಯಂಥ ಭಾರದ ಮರಗಳು ಬರುತ್ತವೆ. ಯಾಕೆ ಹೀಗೆ ಅಂದರೆ, ಪೂಲ್ ಕ್ಯೂವಿನ ಒಟ್ಟು ತೂಕ ಸಾಮಾನ್ಯವಾಗಿ 510ರಿಂದ 600 ಗ್ರಾಂ ಒಳಗೆ ನಿಲ್ಲಬೇಕು, ಅದರಲ್ಲಿ ಭಾರ ಹಿಂದೆ ಇರಬೇಕು, ಮುಂದೆ ಹಗುರ ಮತ್ತು ನೆಟ್ಟಗೆ ಇರಬೇಕು. ನಾವು ಕತ್ತಿಗೆ ಹಿಡಿ ಹಾಕುವಾಗ ನೋಡುವ ತೂಕದ ಹದವೇ. ಪೂರ್ತಿ ಕರಿಮರದಲ್ಲೇ ಹಿಂಭಾಗ ಮಾಡಿದರೆ ಭಾರ ಜಾಸ್ತಿ ಆಗುತ್ತದೆ ಅಂತ ಕೆಲವರು ಅದಕ್ಕೆ ಉದ್ದಕ್ಕೆ ತೂತು ಕೊರೆದು, ಒಳಗೆ ಮೇಪಲ್ ಮರದ ನೆಟ್ಟಗಿನ ಕೋಲು ಕೂರಿಸುತ್ತಾರೆ.

ಮರ ತಂದ ಕೂಡಲೇ ಕಡೆದು ಮುಗಿಸುವುದೂ ಇಲ್ಲ. ಲೇತಿನಲ್ಲಿ ಸ್ವಲ್ಪ ಕಡೆದು ತೂಗುಹಾಕುತ್ತಾರೆ, ತಿಂಗಳುಗಟ್ಟಲೆ ಬಿಡುತ್ತಾರೆ, ಬಾಗಿದರೆ ಬದಿಗೆ ಹಾಕುತ್ತಾರೆ, ಬಾಗದಿದ್ದರೆ ಇನ್ನೊಂದು ಸುತ್ತು. ಮತ್ತೆ ಒಂದೊಂದನ್ನೂ ತಟ್ಟಿ ಕಿವಿ ಕೊಟ್ಟು ಕೇಳುತ್ತಾರೆ. ಟಣ್ ಅಂತ ಉದ್ದಕ್ಕೆ ನಾದ ನಿಂತರೆ ಒಂದು ರಾಶಿ, ಡಬ್ ಅಂತ ಸತ್ತರೆ ಇನ್ನೊಂದು ರಾಶಿ.

ಇದರಲ್ಲಿ ಒಂದು ತಮಾಷೆ ಉಂಟು. ಕ್ಯೂವಿನ ತುದಿ ಚೆಂಡಿಗೆ ತಾಗಿಕೊಂಡಿರುವುದು ಒಂದೆರಡು ಮಿಲಿಸೆಕೆಂಡ್ ಮಾತ್ರ. ಕಿವಿಗೆ ಸ್ವರ ಬರುವಾಗ, ಕೈಗೆ ಕಂಪನ ಗೊತ್ತಾಗುವಾಗ ಚೆಂಡು ಹೊರಟುಹೋಗಿ ಆಗಿರುತ್ತದೆ. ಅಂದರೆ ಸ್ವರದಿಂದ ಚೆಂಡಿನ ದಾರಿ ಬದಲಾಗುವುದಿಲ್ಲ. "ಹಾಗಾದ್ರೆ ಯಾಕೆ ಮಾರಾಯ ಅಷ್ಟು ದುಡ್ಡು?" ಅಂತ ಕೇಳಿದೆ. "ಕೈಗೆ ಹಿತ ಆಗ್ಬೇಕಲ್ಲ" ಅಂದ. ಅವನಿಗೆ ಅದು ಸಾಕು. ನನಗೆ ಮುಖ್ಯ ಅನಿಸಿದ್ದು ಬೇರೆ. ಆ ಸ್ವರ ಮರದ ಒಳಗಿನ ಸುದ್ದಿ. ಒಳಗೆ ಬಿರುಕು ಇದ್ದರೆ, ಕುಂಬು ಇದ್ದರೆ, ಗಂಟು ಇದ್ದರೆ, ನಾರು ಓರೆಯಾಗಿ ಓಡಿದ್ದರೆ, ತೇವ ಉಳಿದಿದ್ದರೆ ಸ್ವರ ಮೊದಲೇ ಹೇಳಿಬಿಡುತ್ತದೆ.

ಈ ಪರೀಕ್ಷೆ ನಮಗೆ ಹೊಸತಾ? ಹಲಸಿನಕಾಯಿ ಬೆಳೆದಿದೆಯಾ ಅಂತ ತಟ್ಟಿ ನೋಡುತ್ತೇವೆ. ಹೆಂಚು ಕೊಳ್ಳುವಾಗ ಬೆರಳ ಗಂಟಿನಿಂದ ತಟ್ಟಿ ಒಡಕು ಹಿಡಿಯುತ್ತೇವೆ. ಮಣ್ಣಿನ ಮಡಕೆ, ತೆಂಗಿನಕಾಯಿ, ಎಲ್ಲದಕ್ಕೂ ಕಿವಿ ಕೊಡುತ್ತೇವೆ. ಹಲಸಿನ ಕಾಯಿ ತಟ್ಟುವವರು ಹಲಸಿನ ಮರ ತಟ್ಟುವುದಿಲ್ಲ ಅಷ್ಟೆ.

ತೂಕ ಮತ್ತು ಸ್ವರ ಒಂದೇ ಅಂತ ಮಾತ್ರ ತಿಳಿಯಬೇಡಿ. ಭಾರದ ಮರವೇ ಒಳ್ಳೆಯ ಮರ ಅನ್ನುವ ಮಾತು ನಮ್ಮಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿದೆ. ಒಂದೇ ಉದ್ದ, ಅಗಲ, ದಪ್ಪದ ಎರಡು ಪಟ್ಟಿ ತಟ್ಟಿದಾಗ ಒಂದರ ಸ್ವರ ಏರು, ಇನ್ನೊಂದರದ್ದು ತಗ್ಗು ಬಂದರೆ, ಏರು ಸ್ವರದ್ದು ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚು ಬಿಗಿ ಅಂತ ಅರ್ಥ. ಭಾರ ಇದ್ದೂ ಬಿಗಿ ಇಲ್ಲದ ಮರ ತಗ್ಗು ಸ್ವರವನ್ನೇ ಕೊಡುತ್ತದೆ. ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ಮೂರನೆಯ ಸಂಗತಿ. ಚೆನ್ನಾಗಿ ಒಣಗಿದ, ನಾರು ನೆಟ್ಟಗಿರುವ ಮರದಲ್ಲಿ ಅದು ನಿಲ್ಲುತ್ತದೆ. ಹಸಿ ಮರದಲ್ಲಿ ನಿಲ್ಲುವುದಿಲ್ಲ.

ಮೆಣಸಿನ ಹಾಗೆಯೇ ಮರದ ಲೀಟರ್ ತೂಕ ಹೇಳುತ್ತೇನೆ. ಎಲ್ಲ ಗಾಳಿಗೆ ಒಣಗಿದ ಮರದ ಅಂದಾಜು, ಮರದಿಂದ ಮರಕ್ಕೆ ವ್ಯತ್ಯಾಸ ಇದ್ದೇ ಇರುತ್ತದೆ. ಆಟಿ ಅಮಾವಾಸ್ಯೆಗೆ ತೊಗಟೆ ತಂದು ಕಷಾಯ ಮಾಡುತ್ತೇವಲ್ಲ, ಆ ಹಾಲೆ ಮರ ಲೀಟರಿಗೆ 400 ಗ್ರಾಂ ಆಸುಪಾಸು. ಅಷ್ಟು ಹಗುರ, ಮೆದು ಆದದ್ದಕ್ಕೇ ಹಿಂದೆ ಮಕ್ಕಳ ಬರೆಯುವ ಹಲಗೆಗೆ ಅದು ಬಳಕೆಯಾಗುತ್ತಿತ್ತು, ಅದರ ಸಸ್ಯಶಾಸ್ತ್ರದ ಹೆಸರಿನಲ್ಲಿರುವ ಸ್ಕಾಲರಿಸ್ ಅನ್ನುವುದು ಅಲ್ಲಿಂದಲೇ ಬಂದದ್ದು. ಹಲಸು 550ರಿಂದ 650. ತೇಗ 650ರ ಹತ್ತಿರ. ಕ್ಯೂವಿನ ಮೇಪಲ್ 700. ಬೀಟೆ 800 ದಾಟುತ್ತದೆ. ಕರಿಮರ ಒಂದು ಕಿಲೋಗಿಂತ ಮೇಲೆ, ಹಾಗಾಗಿ ನೀರಿಗೆ ಹಾಕಿದರೆ ಮುಳುಗುತ್ತದೆ. ನೋಡಿ, ಹಲಸು ಈ ಸಾಲಿನಲ್ಲಿ ಸರಿ ನಡುವಿನಲ್ಲಿ ನಿಂತಿದೆ. ಹೊತ್ತುಕೊಳ್ಳಲು ತೀರ ಭಾರ ಇಲ್ಲ, ಬಿಗಿ ಎಳೆದರೆ ಒಡೆಯುವಷ್ಟು ಮೆದುವೂ ಇಲ್ಲ, ಉಳಿಗೆ ಬಗ್ಗುತ್ತದೆ, ಕೆಚ್ಚಿಗೆ ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ. ಯಕ್ಷಗಾನದ ಚೆಂಡೆ, ಮದ್ದಳೆಯ ಕಳಸಿಗೆಗೆ ಹಲಸನ್ನು, ತಂಜಾವೂರು ವೀಣೆಗೆ ಹಲಸನ್ನು ಹಿರಿಯರು ಸುಮ್ಮನೆ ಆರಿಸಿದ್ದಲ್ಲ. ಕ್ಯೂ ಮಾಡುವವರು ತಕ್ಕಡಿಯಲ್ಲಿ ಹುಡುಕುವುದನ್ನು ಅವರು ಕೈಯಲ್ಲಿ ಎತ್ತಿ ನೋಡಿಯೇ ಹುಡುಕಿಕೊಂಡಿದ್ದರು.

ಮೂಡುಬಿದಿರೆ ಹತ್ತಿರ ಚೆಂಡೆ ಮದ್ದಳೆಗೆ ಮರ ಕೊರೆದು ಕೊಡುವ ಆಚಾರ್ರು ಒಬ್ಬರಿದ್ದಾರೆ, ವಯಸ್ಸು ಎಪ್ಪತ್ತರ ಹತ್ತಿರ. ಅವರಲ್ಲಿಗೆ ಹೋದಾಗ ಅಂಗಳದಲ್ಲಿ ಕೆಲಸಕ್ಕೆ ಇದ್ದದ್ದು ಎರಡೇ ತುಂಡು.

"ಮರ ಸಿಗುದಿಲ್ವಾ ಆಚಾರ್ರೆ?" ಅಂತ ಕೇಳಿದೆ.

"ಮರ ಎಷ್ಟು ಬೇಕಾದ್ರೂ ಉಂಟು ಮಾರಾಯ್ರೆ. ಮಿಲ್ಲಿಗೆ ಹೋದ್ರೆ ರಾಶಿ ಹಲಸು. ಆದ್ರೆ ನಾನು ಹೋಗುವಾಗ ಎಲ್ಲ ಹಲಗೆ ಆಗಿರ್ತದೆ. ನನಗೆ ಹಲಗೆ ಎಂತಕ್ಕೆ? ನನಗೆ ಬೇಕಾದ್ದು ಗಿಡ್ಡ ತುಂಡು, ದಪ್ಪದ್ದು, ಗಂಟು ಇಲ್ಲದ್ದು."

ಇದು ಕೇಳಿ ನನಗೆ ನಿಜಕ್ಕೂ ಬೇಜಾರಾಯಿತು. ಒಂದು ಕಡೆ ತೋಟದವರು ಎಲ್ಲ ಸೇರಿ ಇಷ್ಟು ಅಂತ ಕೊಟ್ಟುಬಿಡುತ್ತಿದ್ದಾರೆ. ಇನ್ನೊಂದು ಕಡೆ ಅದೇ ಮರದ ಬುಡದ ನಾಲ್ಕಡಿಗೆ ಬೇರೆಯೇ ಬೆಲೆ ಕೊಡಲು ತಯಾರಿರುವವರು ಸಿಗದೆ ಕೂತಿದ್ದಾರೆ. ನಡುವಿನ ದೂರ ಹದಿನೈದು ಕಿಲೋಮೀಟರ್ ಸಹ ಇಲ್ಲ. ಅವರೇ ಇನ್ನೊಂದು ಮಾತು ಹೇಳಿದರು. ಕೊಳಗದ ಹಾಗೆ ಒಳಗೆ ಟೊಳ್ಳು ಮಾಡುವ ಕೆಲಸ ಆದ್ದರಿಂದ ನಡುವಿನ ತಿರುಳು ಬಿರಿದಿದ್ದರೂ ಅವರಿಗೆ ತೊಂದರೆ ಇಲ್ಲ. ಮಿಲ್ಲಿನವರು ನಡುವೆ ಬಿರುಕು ಉಂಟು ಅಂತ ಬೆಲೆ ಇಳಿಸುವ ತುಂಡೇ ಅವರಿಗೆ ಸರಿಯಾದ ಮರ ಆಗಬಹುದು. ಚರ್ಮ, ಬಾರು, ಮಧ್ಯದ ಕಪ್ಪು ಲೇಪ, ಇವೇ ಸ್ವರದ ದೊಡ್ಡ ಪಾಲು ಕೊಡುವುದು ಅನ್ನುವುದನ್ನೂ ಅವರು ಒಪ್ಪಿದರು. ಆದರೆ ಬಾರು ಬಿಗಿಯುವಾಗ ಮರ ಸ್ವಲ್ಪವೂ ಕೊಡಬಾರದು, ಕೊಟ್ಟರೆ ಶ್ರುತಿ ನಿಲ್ಲುವುದಿಲ್ಲ.

ಈಗ ಅಳತೆಯ ವಿಷಯ. ನಮ್ಮಲ್ಲಿ ಮೋಪು ಅಳೆಯುವುದು ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ. 150 ಸೆಂಟಿಮೀಟರ್ ಸುತ್ತಳತೆ, ಎರಡೂವರೆ ಮೀಟರ್ ಉದ್ದದ ಬೊಡ್ಡೆಗೆ ಈ ಲೆಕ್ಕದಲ್ಲಿ ಸಿಗುವುದು ಸುಮಾರು 12.4 ಸಿಎಫ್‌ಟಿ. ಉರುಟು ಮರದ ನಿಜವಾದ ಗಾತ್ರ ಲೆಕ್ಕ ಹಾಕಿದರೆ 15.8. ಕೊಯ್ಯುವಾಗ ಹೋಗುವ ಸಿಪ್ಪೆ, ಹೊಟ್ಟು ಬಿಟ್ಟು ಮಾಡಿದ ಹಳೆಯ ಕ್ರಮ ಇದು, ಮೋಸ ಅಂತ ನಾನು ಹೇಳುವುದಿಲ್ಲ. ಹಲಗೆಗೆ ಹೋಗುವ ಮರಕ್ಕೆ ಸರಿಯೇ. ಆದರೆ ಉರುಟಾಗಿಯೇ ಹೋಗುವ ತುಂಡಿಗೆ ಯಾಕೆ ಆ ಲೆಕ್ಕ? ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಮರ ಲೆಕ್ಕಕ್ಕೇ ಬರುವುದಿಲ್ಲ. ಕಣ್ಣಳತೆಯಲ್ಲಿ ಕೊಟ್ಟರಂತೂ ಎಷ್ಟು ಹೋಯಿತು ಅಂತ ದೇವರಿಗೇ ಗೊತ್ತು.

ತೂಕ ನೋಡಲು ಪ್ರಯೋಗಾಲಯ ಬೇಡ. ಮರ ಕಡಿದ ಮೇಲೆ ಬುಡದ ಕಡೆಯಿಂದ, ಕೆಚ್ಚಿನ ಭಾಗದಿಂದಲೇ ಒಂದು ಸಣ್ಣ ತುಂಡು ಇಟ್ಟುಕೊಳ್ಳಿ. ಮಿಲ್ಲಿನಲ್ಲಿ 2 ಸೆಂಟಿಮೀಟರ್ ಚೌಕ, 30 ಸೆಂಟಿಮೀಟರ್ ಉದ್ದದ ಕೋಲು ಸೀಳಿಸಿಕೊಳ್ಳಿ. ಅಡುಗೆಮನೆಯ ಅಟ್ಟದಲ್ಲಿಟ್ಟು ಒಣಗಿಸಿ, ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಒಣಗಿತು ಅಂತ. ಮತ್ತೆ ಒಂದು ಬದಿ ಮುಚ್ಚಿದ, ಸ್ವಲ್ಪ ಅಗಲದ ಪಿವಿಸಿ ಪೈಪಿನಲ್ಲಿ ಬಾಯಿವರೆಗೆ ನೀರು ತುಂಬಿಸಿ ಕೋಲನ್ನು ನೆಟ್ಟಗೆ ತೇಲಬಿಡಿ. 30ರಲ್ಲಿ 18 ಸೆಂಟಿಮೀಟರ್ ಮುಳುಗಿದರೆ ಲೀಟರಿಗೆ 600 ಗ್ರಾಂ. 15 ಮುಳುಗಿದರೆ 500. ನೀರು ಹೀರುವ ಮುಂಚೆ ಬೇಗ ಗುರುತು ಹಾಕಿಕೊಳ್ಳಬೇಕು, ಅದೊಂದು ನೆನಪಿಡಿ.

ಸ್ವರಕ್ಕೆ 50 ಸೆಂಟಿಮೀಟರ್ ಉದ್ದ, 5 ಅಗಲ, 1 ದಪ್ಪದ ಪಟ್ಟಿ ಮಾಡಿಸಿ. ತುದಿಯಿಂದ 11 ಸೆಂಟಿಮೀಟರ್ ಒಳಗೆ ಎರಡು ಬೆರಳಲ್ಲಿ ಹಗುರವಾಗಿ ಹಿಡಿದು ತೂಗಿಬಿಟ್ಟು ನಡುವೆ ತಟ್ಟಿ. ಆ ಜಾಗವೇ ಯಾಕೆ ಅಂದರೆ, ಪಟ್ಟಿ ಕಂಪಿಸುವಾಗ ಅಲುಗದೆ ನಿಲ್ಲುವ ಬಿಂದು ಅಲ್ಲಿ ಬರುತ್ತದೆ, ಉದ್ದದ ನೂರಕ್ಕೆ 22 ಪಾಲಿನಲ್ಲಿ. ಬೇರೆ ಕಡೆ ಹಿಡಿದರೆ ನಿಮ್ಮ ಬೆರಳೇ ಸ್ವರ ಕೊಲ್ಲುತ್ತದೆ. ಬೇರೆ ಬೇರೆ ಮರದಿಂದ ಒಂದೇ ಅಳತೆಯ ನಾಲ್ಕು ಪಟ್ಟಿ ಮಾಡಿ ತಟ್ಟಿದರೆ ಮನೆಯ ಮಕ್ಕಳೂ ವ್ಯತ್ಯಾಸ ಹೇಳುತ್ತಾರೆ. ನಮ್ಮ ಮನೆಯಲ್ಲಿ ಈಗ ಹಲಸು, ತೇಗ, ಅಕೇಶಿಯ, ಹೆಬ್ಬಲಸು ನಾಲ್ಕೂ ಉಂಟು. ಮಗಳಿಗೆ ಅದು ಆಟದ ಸಾಮಾನು ಆಗಿಬಿಟ್ಟಿದೆ, ನನಗೆ ಬೇಕಾದಾಗ ಹುಡುಕಬೇಕು.

ನೀರು ಗೊಬ್ಬರ ತಿಂದು ಬೇಗ ಬೆಳೆದ ಮರ ಹಗುರ, ಗುಡ್ಡೆಯಲ್ಲಿ ನಿಧಾನ ಬೆಳೆದದ್ದು ಗಟ್ಟಿ ಅಂತ ಒಂದು ನಂಬಿಕೆ ಉಂಟಲ್ಲ, ಅದರ ಬಗ್ಗೆ ಕೇಳುವವರು ತುಂಬಾ. ಅದು ಎಲ್ಲ ಮರಕ್ಕೂ ಸರಿ ಹೊಂದುವ ಮಾತಲ್ಲ. ಆಶ್‌ನಂಥ, ಉಂಗುರ ಸ್ಪಷ್ಟವಾಗಿ ಕಾಣುವ ಮರದಲ್ಲಿ ಹದವಾಗಿ ಬೇಗ ಬೆಳೆದದ್ದೇ ಹೆಚ್ಚು ಗಟ್ಟಿ. ತೀರ ನಿಧಾನ ಬೆಳೆದರೆ ಪ್ರತಿ ಉಂಗುರದಲ್ಲಿ ರಂಧ್ರದ ಪಾಲು ಹೆಚ್ಚಾಗಿ ಮರ ಹಗುರ ಆಗುತ್ತದೆ. ಹಲಸು, ಮೇಪಲ್ ತರದ ಮರದಲ್ಲಿ ರಂಧ್ರಗಳು ಎಲ್ಲ ಕಡೆ ಹರಡಿರುವ ಕಾರಣ ಬೆಳವಣಿಗೆಯ ವೇಗಕ್ಕೂ ತೂಕಕ್ಕೂ ಅಂಥ ನೇರ ಸಂಬಂಧ ಕಾಣುವುದಿಲ್ಲ. ಹೆಚ್ಚು ಲೆಕ್ಕಕ್ಕೆ ಬರುವುದು ಪ್ರಾಯ. ಎಳೆಯ ಮರದಲ್ಲಿ ಹೊರಗಿನ ಬಿಳಿ ಭಾಗವೇ ಜಾಸ್ತಿ, ಹಳದಿ ಕೆಚ್ಚು ಕಡಿಮೆ. ಆ ಬಿಳಿ ಭಾಗಕ್ಕೆ ಹುಳ ಬೀಳುವುದು ಬೇಗ. ಹಾಗಾಗಿ 20 ವರ್ಷದ ಮರ ಎಷ್ಟೇ ದಪ್ಪ ಇದ್ದರೂ 50 ವರ್ಷದ್ದರ ಜೊತೆ ಹೋಲಿಸಬೇಡಿ. ಮೂಡುಬಿದಿರೆಯ ಚೌಟರ ಅರಮನೆಗೆ ಹೋದವರೆಲ್ಲ ಮರದ ಕಂಬದಲ್ಲಿ ಕೆತ್ತಿದ ನವನಾರೀ ಕುಂಜರ, ಪಂಚನಾರೀ ತುರಗ ನೋಡಿ ಫೋಟೋ ತೆಗೆದು ಬರುತ್ತಾರೆ. ಇನ್ನೊಮ್ಮೆ ಹೋದಾಗ ಕಂಬದ ದಪ್ಪವನ್ನೂ ನೋಡಿ. ಅಷ್ಟು ಕೆಚ್ಚು ಬರಬೇಕಾದರೆ ಆ ಮರಕ್ಕೆ ಎಷ್ಟು ಪ್ರಾಯ ಆಗಿರಬೇಕು!

ಅಮಾವಾಸ್ಯೆಗೆ ಕಡಿದರೆ ಹುಳ ಬೀಳುವುದಿಲ್ಲ ಅನ್ನುವುದಕ್ಕೆ ನಾನು ಪರವೂ ಇಲ್ಲ, ವಾದ ಮಾಡಲೂ ಹೋಗುವುದಿಲ್ಲ. ಮಳೆ ಬಿಟ್ಟ ಮೇಲೆ, ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಕಡಿಯಿರಿ ಅಂತ ಮಾತ್ರ ಹೇಳುತ್ತೇನೆ. ಮಳೆಗಾಲದಲ್ಲಿ ಕಡಿದ ಹಸಿ ಮರಕ್ಕೆ ನಮ್ಮ ಹವೆಯಲ್ಲಿ ಬೂಸು ಬರುವುದು ಖಂಡಿತ. ಕಡಿದ ದಿನವೇ ಎರಡೂ ಬಾಯಿಗೆ ಹಳೆಯ ಪೈಂಟೋ, ಕರಗಿಸಿದ ಮೇಣವೋ ದಪ್ಪಕ್ಕೆ ಬಳಿಯಿರಿ. ಮರದ ನೀರು ಬಾಯಿಯಿಂದ ಬೇಗ ಹೋಗುವ ಕಾರಣವೇ ತುದಿ ಬಿರಿಯುವುದು. ನೆಲಕ್ಕೆ ತಾಗದ ಹಾಗೆ ಕಲ್ಲಿನ ಮೇಲೆ, ನೆರಳಲ್ಲಿ, ಗಾಳಿ ಆಡುವಲ್ಲಿ ಇಡಿ. ಹಲಗೆ ಮಾಡಿಸಿದರೆ ನಡುನಡುವೆ ರೀಪು ಕೊಟ್ಟು ಪೇರಿಸಿ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ, ನಮ್ಮ ಮಳೆಗಾಲ ನೋಡಿದರೆ ಅದನ್ನು ಕಡಿಮೆ ಮಾಡಲು ನನಗೆ ಧೈರ್ಯ ಇಲ್ಲ.

"ಇಷ್ಟೆಲ್ಲ ಮಾಡಿ ಕೊಳ್ಳುವವರು ಯಾರು? ನನಗೆ ಬರುವ ತಿಂಗಳು ಸೊಸೈಟಿ ಕಂತು ಕಟ್ಟಬೇಕು" ಅಂತ ಬೆಳ್ತಂಗಡಿ ಕಡೆಯ ಒಬ್ಬ ಹಿರಿಯರು ನನ್ನನ್ನು ನೇರ ಕೇಳಿದರು. ಪ್ರಶ್ನೆ ಸರಿಯೇ. ಚೆಂಡೆ, ಮದ್ದಳೆ, ವೀಣೆಗೆ ಹೋಗುವ ಮರ ಸ್ವಲ್ಪವೇ. ಎಲ್ಲರ ಎಲ್ಲ ಮರಕ್ಕೂ ಆ ಬೆಲೆ ಬರುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಗಂಟು ತುಂಬಿದ, ಓರೆಯಾದ ಮರವನ್ನು ಮಿಲ್ಲಿಗೇ ಕೊಡಿ. ನಾನು ಹೇಳುವುದು ಇಷ್ಟೇ: ಒಳ್ಳೆಯ ಬೊಡ್ಡೆ ಇದ್ದರೆ ಬುಡದ ಒಂದು ತುಂಡನ್ನು ಒಟ್ಟು ವ್ಯಾಪಾರದಿಂದ ಹೊರಗಿಡಿ. ಮೇಲಿನ ಮರ, ಗೆಲ್ಲು, ಕಟ್ಟಿಗೆ ಎಲ್ಲ ವ್ಯಾಪಾರಿಗೆ ಹೋಗಲಿ, ಕಂತು ಅದರಲ್ಲಿ ಕಟ್ಟಿ. ಆ ಒಂದು ತುಂಡು ಶೆಡ್ಡಿನಲ್ಲಿ ಒಣಗಲಿ. ಅದಕ್ಕೆ ಮೇವು ಹಾಕಬೇಕಾಗಿಲ್ಲ. ಯಾರೂ ಕೊಳ್ಳದಿದ್ದರೆ ಎರಡು ವರ್ಷ ಕಳೆದು ಮನೆಯ ಬಾಗಿಲಿಗಾದರೂ ಆಯಿತು. ಆ ಹಿರಿಯರು ನಕ್ಕು, "ಬಾಗಿಲು ಹೇಗೂ ಹಾಳಾಗಿದೆ" ಅಂದರು. ಅವರ ಶೆಡ್ಡಿನಲ್ಲಿ ಈಗ ಒಂದಲ್ಲ, ಎರಡು ತುಂಡು ಉಂಟು.

ಕಡಿಯುವ ಮುಂಚೆ ಕಾಗದಪತ್ರ ನೋಡಿಕೊಳ್ಳಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೇ ಉಂಟು. ನಿಮ್ಮ ಮರಕ್ಕೆ ಅನುಮತಿ ಬೇಕೋ, ಸಾಗಿಸಲು ಪಾಸು ಬೇಕೋ ಅಂತ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಯೇ ಕೊಡಲಿ ಎತ್ತಿ. ಕುಮ್ಕಿಯಲ್ಲಿ ನಿಂತ ಮರ ನಮ್ಮದೇ ಅಂತ ಅನಿಸಿದರೂ ಜಾಗ ಸರ್ಕಾರದ್ದು, ಮರೆಯಬೇಡಿ. ಬೀಟೆ ಇದ್ದವರಂತೂ ಇನ್ನೂ ಜಾಗ್ರತೆ ಮಾಡಬೇಕು. 2017ರ ಜನವರಿಯಿಂದ ಬೀಟೆ ಜಾತಿಯ ಎಲ್ಲ ಮರಗಳೂ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ. ಗಿಟಾರ್ ಮಾಡುವವರಿಗೂ ಕ್ಯೂ ಮಾಡುವವರಿಗೂ ಆಗಲೇ ಅದರ ಬಿಸಿ ತಟ್ಟಿದ್ದು. ಕ್ಯೂವಿಗೆ ಈಗ ಕಾರ್ಬನ್ ಫೈಬರ್ ಬಂದದ್ದಕ್ಕೆ ಮರದ ಅಭಾವ ಒಂದೇ ಕಾರಣ ಅಲ್ಲ, ಬಾಗುವುದಿಲ್ಲ ಅನ್ನುವುದು ದೊಡ್ಡ ಕಾರಣ. ನಮ್ಮ ಅಡಿಕೆ ದೋಟಿಗೆ ಬಂದದ್ದೂ ಹಾಗೆಯೇ ಅಲ್ವಾ, ಹಗುರ ಮತ್ತು ಬಿಗಿ ಎರಡೂ ಒಟ್ಟಿಗೆ ಬೇಕು ಅಂತ.

ಹೊಸತು ನೆಡುವವರಿಗೆ ಕೊನೆಯದಾಗಿ ಒಂದು ಮಾತು. ಹಲಸಿನ ಮೇಳದಿಂದ ಎಲ್ಲರೂ ಕಸಿ ಗಿಡ ತರುತ್ತಿದ್ದೇವೆ, ನಾನೂ ತಂದು ನೆಟ್ಟಿದ್ದೇನೆ. ಹಣ್ಣಿಗೆ ಅದೇ ಸರಿ. ಆದರೆ ಕಸಿ ಗಿಡ ಕೆಳಗೇ ಗೆಲ್ಲು ಒಡೆಯುತ್ತದೆ, ಕೊಯ್ಲಿಗೆ ಸುಲಭ ಆಗಲಿ ಅಂತ ನಾವೂ ತಲೆ ಕತ್ತರಿಸುತ್ತೇವೆ. ಅದರಲ್ಲಿ ಬೊಡ್ಡೆ ಬರುವುದಿಲ್ಲ. ಹಾಗಾಗಿ ಬೇಲಿ ಬದಿಗೆ, ತೋಟದ ಪಡುವಣ ಬದಿಗೆ ನಾಲ್ಕು ಬೀಜದ ಗಿಡ ಇರಲಿ. ಪಡುವಣದಲ್ಲಿ ನಿಂತರೆ ಅಡಿಕೆ ಮರದ ಕಾಂಡಕ್ಕೆ ಸಂಜೆ ಬಿಸಿಲು ಹೊಡೆಯುವುದೂ ತಪ್ಪುತ್ತದೆ. ಮೊದಲ ಏಳೆಂಟು ವರ್ಷ, ಗೆಲ್ಲು ಹೆಬ್ಬೆರಳಿನ ದಪ್ಪ ಇರುವಾಗಲೇ ಬುಡಕ್ಕೆ ಸರಿಯಾಗಿ ಕತ್ತರಿಸಿ, ಎಂಟು ಹತ್ತಡಿವರೆಗೆ ನೆಟ್ಟಗೆ ಬಿಡಿ. ದಪ್ಪ ಆದ ಮೇಲೆ ಕತ್ತರಿಸಿದರೆ ಗಂಟು ಒಳಗೇ ಉಳಿಯುತ್ತದೆ. ಮರ ಎದ್ದ ಮೇಲೆ ಮೆಣಸಿನ ಬಳ್ಳಿ ಬಿಡಬಹುದು, ಸೊಪ್ಪು ಆಡಿಗೆ ಆಗುತ್ತದೆ, ತರಗೆಲೆ ಬುಡಕ್ಕೆ ಆಗುತ್ತದೆ. ಬೀಜ ಆರಿಸುವಾಗ ಹಣ್ಣಿನ ರುಚಿಯ ಜೊತೆಗೆ ತಾಯಿ ಮರದ ಬೊಡ್ಡೆಯನ್ನೂ ಒಮ್ಮೆ ನೋಡಿ. ಹಲಸಿನ ಬೀಜ ಒಣಗಿದರೆ ಹುಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ, ಹಾಗಾಗಿ ಹಣ್ಣು ತಿಂದ ವಾರದೊಳಗೆ ತೊಟ್ಟೆಗೆ ಹಾಕಿಬಿಡಿ.